ಖಾರದ ಡಬ್ಬಿಯ ಹಿಂದಿನ ಜಾಗ

ನಮ್ಮ ರಬಕವಿಯಲ್ಲಿ ನೂಲು ಕೆಚ್ಚುವ ಹೆಂಗಸರಿಗೆ ಬರವಿಲ್ಲ. ಆದರೂ ಅವಸರದ ಕೆಲಸ ಬಂದರೆ ಮಗ್ಗದ ಮಾಲೀಕರು ಮೊದಲು ಹೇಳಿಕಳಿಸುವುದು ನಮ್ಮ ಎದುರುಮನೆಯ ಭಾಗ್ಯಾಳಿಗೆ. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಮುಗಿಯಲು ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಅದಕ್ಕೇ ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದ ಹಾಗೆ ತುಸು ಬೂದಿ ಮುಟ್ಟಿಕೊಂಡು ಮಗ್ಗದ ಹಿಂದೆ ಕೂತಳೆಂದರೆ ಭಾಗ್ಯಾ ಊಟಕ್ಕೂ ಏಳುವವಳಲ್ಲ. ಕೈಗೆ ಕೆಲಸವಿದ್ದಾಗ ಅವಳಷ್ಟು ಗಟ್ಟಿ ಹೆಂಗಸು ಓಣಿಯಲ್ಲಿಲ್ಲ. ಕೈ ಖಾಲಿಯಾಯಿತೋ, ಅವಳಷ್ಟು ಪುಕ್ಕಲಿಯೂ ಇಲ್ಲ.

ನಾನು ರಾಜಶ್ರೀ. ಸೀರೆಗೆ ಫಾಲು ಹಚ್ಚಿ, ಜಂಪರು ಹೊಲಿದು ಬದುಕುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಓಣಿಗೆಲ್ಲ ಗೊತ್ತು. ಗೊತ್ತಿದ್ದೂ ಭಾಗ್ಯಾ ನನ್ನ ಹತ್ತಿರವೇ ಬರುತ್ತಿದ್ದಳು. ನಾನು ಬೈಯುತ್ತೇನೆ ನಿಜ, ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಮನೆಗೆ ಹೊತ್ತು ಹಾಕುವುದಿಲ್ಲ.

ಅವಳ ಗಂಡ ಹಾಲೇಶ ಬೇರೆಯವರ ಕಾರ್ಖಾನೆಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಅತ್ತೆ ಸತ್ಯವ್ವ ಗಲಗಲಿಯವಳು. ಕೃಷ್ಣೆಯ ದಂಡೆಯಲ್ಲಿ ಕುರಿ ಕಾಯ್ದುಕೊಂಡೇ ಮುದುಕಿಯಾದವಳು. ಗಂಡ ಸತ್ತ ಮೇಲೆ ಹಿಂಡು ಮಾರಿ, ಬೀರೇಶ್ವರನ ಪಟವೊಂದನ್ನು ಬಗಲಲ್ಲಿ ಹಿಡಿದುಕೊಂಡು ಮಗನ ಮನೆಗೆ ಬಂದಳು. ಮಾತು ಕಡಿಮೆ. ಕುರಿಗಳ ಜೊತೆ ಆಡಿ ಮುಗಿಸಿದ್ದಾಳೆ ಎಂದು ಹಾಲೇಶ ಚೇಷ್ಟೆ ಮಾಡುತ್ತಾನೆ.

ಮದುವೆಯಾಗಿ ಏಳೆಂಟು ವರ್ಷ ಕಳೆದರೂ ಭಾಗ್ಯಾಳಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ, ಊರು ಎಲ್ಲವನ್ನೂ ಅಂದಿತು. ಕಾರ್ಯಕ್ಕೆ ಹೋದಲ್ಲೆಲ್ಲ ಮುತ್ತೈದೆಯರು ಅವಳಿಗೆ ಉಡಿ ತುಂಬುವಾಗ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿ, ಮುಖವನ್ನೊಮ್ಮೆ ನೋಡುತ್ತಿದ್ದರು. ಒಬ್ಬಳು ಮುಧೋಳದ ಕಡೆಯ ಬೇರು ತಂದು ಅರೆದು ಕುಡಿಸಿದಳು. ಇನ್ನೊಬ್ಬಳು ಬೀಳಗಿಯಿಂದ ತಾಯಿತ ತರಿಸಿದಳು. ಬೇರಿನಿಂದ ಎರಡು ದಿನ ವಾಂತಿಯಾಯಿತು, ಕೊಟ್ಟವಳು ನೋಡಲೂ ಬರಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ.

ಕೊನೆಗೆ ಗಂಡ ಹೆಂಡತಿ ಜಮಖಂಡಿಯ ಆಸ್ಪತ್ರೆಗೆ ಹೋದರು. ಅಲ್ಲಿಗೆ ವಾರಕ್ಕೊಮ್ಮೆ ಬೆಳಗಾವಿಯಿಂದ ಹೆಂಗಸರ ಡಾಕ್ಟರ್ ಬಾಯಿಯೊಬ್ಬರು ಬರುತ್ತಾರೆ. ಇಬ್ಬರದೂ ಪರೀಕ್ಷೆಯಾಯಿತು. ಹಾಲೇಶ ಮೊದಲು ಒಂದಿಷ್ಟು ಹೊಯ್ದಾಡಿ, ಆಮೇಲೆ ತಲೆ ತಗ್ಗಿಸಿ ಹೋಗಿ ಬಂದ. ಇಬ್ಬರಲ್ಲೂ ಯಾವ ಕೊರತೆಯೂ ಕಾಣಲಿಲ್ಲ. ಇದು ಒಳ್ಳೆಯ ಸುದ್ದಿ ಎಂದು ನಾನು ತಿಳಿದೆ. ಭಾಗ್ಯಾಳಿಗೆ ಮಾತ್ರ ಹಾಗನ್ನಿಸಲಿಲ್ಲ. ಏನಾದರೂ ಒಂದು ಸಿಕ್ಕಿದ್ದರೆ ಅದರ ಹೆಸರು ಹೇಳಿಕೊಂಡಾದರೂ ಇರುತ್ತಿದ್ದೆ ಎಂದಳು.

ಎರಡನೆಯ ಸಲ ಹಾಲೇಶನಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಜಮಖಂಡಿ ಮುಟ್ಟುವಷ್ಟರಲ್ಲಿ ಅವಳು ಸೆರಗಿನ ತುದಿಯ ದಾರಗಳನ್ನೆಲ್ಲ ಬಿಚ್ಚಿ ಮತ್ತೆ ಹೊಸೆದಿದ್ದಳು. ಡಾಕ್ಟರ್ ಬಾಯಿ ಸಮಾಧಾನದಿಂದಲೇ ಹೇಳಿದರು. ಮುಟ್ಟಾದ ಎರಡನೆಯ ದಿನದಿಂದ ದಿನಾ ಸಂಜೆ ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ಇಂಜೆಕ್ಷನ್, ಅಂಡ ಬೆಳೆದಿದೆಯೋ ಇಲ್ಲವೋ ಸ್ಕ್ಯಾನಿಂಗಿನಲ್ಲಿ ನೋಡುವುದು, ಹದಕ್ಕೆ ಬಂದ ದಿನ ಗಂಡನ ವೀರ್ಯವನ್ನು ಶುದ್ಧ ಮಾಡಿ ಗರ್ಭಕೋಶದೊಳಗೆ ಬಿಡುವುದು, ಆಮೇಲೆ ಕಾಯುವುದು. ಒಂದೇ ಸಲಕ್ಕೆ ಆಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ನರ್ಸು ಸೂಜಿ ಹಿಡಿಯುವುದನ್ನು ಕಲಿಸುವಾಗ ಭಾಗ್ಯಾ ಅದನ್ನು ಬಿಟ್ಟು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು.

ಆ ತಿಂಗಳು ಶುರುವಾಗಲಿಲ್ಲ. ಲಗ್ನದ ಸೀಸನ್ನು, ಹಾಸು ಕೆಚ್ಚುವುದು ಬಹಳವಿದೆ ಎಂದಳು. ಮುಂದಿನ ತಿಂಗಳು ಬೀಳಗಿಯಲ್ಲಿ ನಾದಿನಿಯ ಮನೆಯ ವಾಸ್ತುಶಾಂತಿ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಮುಖಕ್ಕೇ ಅಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮೂರನೆಯ ತಿಂಗಳು ಹಾಲೇಶ ತಾನೇ ಹೋಗಿ ಔಷಧ ತಂದ. ಅದನ್ನು ತಂಪಿನಲ್ಲಿಡಬೇಕು, ಅವರ ಮನೆಯಲ್ಲಿ ಫ್ರಿಜ್ಜಿಲ್ಲ. ನಮ್ಮ ಫ್ರಿಜ್ಜಿನ ನಡುವಿನ ಹಲಗೆಯಲ್ಲಿ, ಕೆಂಪು ಖಾರದ ಡಬ್ಬಿಯ ಹಿಂದೆ ಜಾಗ ಮಾಡಿಕೊಟ್ಟೆ. ಯಾರಾದರೂ ಬಂದು ಬಾಗಿಲು ತೆರೆದರೂ ಕಣ್ಣಿಗೆ ಬೀಳಬಾರದಲ್ಲ.

ಅಂದಿನಿಂದ ಭಾಗ್ಯಾಳ ಸವಾರಿ ದಿನಾ ನಮ್ಮ ಅಡಿಗೆಮನೆಗೆ. ಫ್ರಿಜ್ಜು ತೆರೆಯುವಳು, ಡಬ್ಬಿ ಸರಿಸುವಳು, ನೋಡುವಳು, ಮುಚ್ಚುವಳು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಹಸಿ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ಹೊತ್ತುಕೊಂಡು ಓಡಿಬಂದಳು. ಬಂದಾಗಲೆಲ್ಲ ಅವೇ ಪ್ರಶ್ನೆಗಳು: ಸೂಜಿ ಮುರಿದು ಒಳಗೇ ಉಳಿದರೆ? ಗಾಳಿ ಹೊಕ್ಕರೆ? ಮೈ ಊದಿಕೊಂಡರೆ? ನಾನು ನರ್ಸಿಗೆ ಫೋನು ಹಚ್ಚಿದೆ. ಮೊದಲ ಸಲ ಎಲ್ಲರಿಗೂ ಹೀಗೇ ಆಗುತ್ತದೆ, ನಿಧಾನಕ್ಕೆ ಉಸಿರಾಡಲು ಹೇಳಿ, ಹೆದರಿಕೆಯನ್ನು ಒಳಗೇ ಇಟ್ಟುಕೊಳ್ಳದೆ ಯಾರ ಮುಂದಾದರೂ ಹೇಳಿಕೊಳ್ಳಲಿ ಎಂದಳು. ಭಾಗ್ಯಾ ನಿಧಾನಕ್ಕೆ ಉಸಿರಾಡಿದಳು. ಹೇಳಿಕೊಳ್ಳಲಿಲ್ಲ.

ಅದೇ ವಾರ ಅವಳ ಕೈಯೂ ತಪ್ಪಿತು. ಗಿರಿಮಲ್ಲಪ್ಪನ ಮಗ್ಗದಲ್ಲಿ ಕೆಂಪು ಅಂಚಿನ ಎಳೆಗಳಿಗೆ ಒಡಲಿನ ಕಪ್ಪು ಎಳೆಗಳನ್ನು ಕೆಚ್ಚಿಟ್ಟಿದ್ದಳು. ಆತ ಬೈಯಲಿಲ್ಲ, ಎಂದೂ ತಪ್ಪದವಳು ತಪ್ಪಿದ್ದಾಳೆಂದರೆ ಮನೆಯಲ್ಲಿ ಏನೋ ಆಗಿರಬೇಕು ಎಂದು ಹಾಲೇಶನನ್ನು ಕೇಳಿದ. ಅವಳು ಕೂತು ಎಲ್ಲ ಬಿಚ್ಚಿ ಮತ್ತೆ ಕೆಚ್ಚಿದಳು.

ಮುಟ್ಟಾದ ದಿನ ಬಂದು ಹೇಳಿ ಹೋದಳು. ಮರುದಿನ ಸಂಜೆ ಮೊದಲ ಇಂಜೆಕ್ಷನ್. ಅದೇ ದಿನ ಅಮಾವಾಸ್ಯೆ.

ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತವೆ. ದಿನವಿಡೀ ಖಟಖಟ ಎನ್ನುವ ಓಣಿಗಳು ಅಂದು ಸುಮ್ಮನಿರುತ್ತವೆ. ಮಗ್ಗ ಒರೆಸಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆಯುತ್ತಾರೆ. ನಾನೂ ಹೊಲಿಗೆ ಮಷೀನಿಗೆ ಕುಂಕುಮವಿಟ್ಟು ಬಟ್ಟೆ ಮುಚ್ಚುತ್ತೇನೆ. ಅಂದು ಲಾಳಿ ಮುಟ್ಟಬಾರದು, ಕತ್ತರಿ ಆಡಿಸಬಾರದು, ಸೂಜಿ ಹಿಡಿಯಬಾರದು.

ಭಾಗ್ಯಾ ಇಳಿಹೊತ್ತಿಗೆ ಬಂದು ಬಾಗಿಲಲ್ಲೇ ನಿಂತಳು.

"ಇವತ್ತ ಅಮಾಸಿ ಐತ್ರಿ ಅಕ್ಕಾರ. ಸೂಜಿ ಚುಚ್ಚೂದು ಬ್ಯಾಡ. ನಮ್ಮ ಅತ್ತಿ ಒಪ್ಪಂಗಿಲ್ಲ."

ಹೌದಲ್ಲ ಎಂದೆ ನಾನು. ನಿಜವಾಗಿಯೂ ಹಾಗೇ ಅಂದೆ. ನನ್ನ ಮಷೀನಿನ ಮೇಲೂ ಬಟ್ಟೆ ಮುಚ್ಚಿತ್ತು. ನಾಡಿದ್ದು ಪಾಡ್ಯ ಕಳೆದ ಮೇಲೆ ಶುರು ಮಾಡೋಣ ಎಂದಳು, ಅದಕ್ಕೂ ತಲೆಯಾಡಿಸಿದೆ. ಅವಳು ಹೊರಟಳು. ಅವಳ ನಡಿಗೆ ನೋಡಿ ನನಗೆ ಸಂಶಯ ಬಂತು. ಎರಡು ತಿಂಗಳಿಂದ ಕಾಲೆಳೆದುಕೊಂಡು ನಡೆಯುತ್ತಿದ್ದವಳು ಹಗುರವಾಗಿ ಅಂಗಳ ದಾಟಿದಳು. ಎರಡನೆಯ ದಿನವೇ ಶುರುವಾಗಬೇಕು, ತಪ್ಪಿದರೆ ಆ ತಿಂಗಳು ಬಿಟ್ಟಂತೆ ಎಂದು ನರ್ಸು ಹೇಳಿದ್ದು ಆಗ ನೆನಪಾಯಿತು. ಸಿಟ್ಟು ಬಂತು. ಅವಳ ಮೇಲಲ್ಲ, ಸತ್ಯವ್ವನ ಮೇಲೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಇಂಥ ಹೊತ್ತಿನಲ್ಲಿ ಪಂಚಾಂಗ ತೆಗೆಯುತ್ತಾಳಲ್ಲ ಮುದುಕಿ ಎಂದು, ಎರಡು ಮಾತು ಆಡಿಯೇ ಬರುತ್ತೇನೆಂದು ನೆಟ್ಟಗೆ ಅವರ ಮನೆಗೆ ಹೋದೆ.

ಸತ್ಯವ್ವ ಕಟ್ಟೆಯ ಮೇಲೆ ಕೂತು ಕಾಯಿ ಕೆರೆಯುತ್ತಿದ್ದಳು. ಭಾಗ್ಯಾ ಒಳಗೆ ಒಲೆಯ ಮುಂದಿದ್ದಳು. ನಾನು ನನ್ನ ರೀತಿಯಲ್ಲಿ ಕೇಳಿದೆ, ಸ್ವಲ್ಪ ಜೋರಾಗಿಯೇ. ಸತ್ಯವ್ವ ಪೂರ್ತಿ ಕೇಳಿಸಿಕೊಂಡಳು. ಆಸ್ಪತ್ರೆಗೆ ಹೋಗುವುದು ಆಕೆಗೆ ಗೊತ್ತಿತ್ತು. ಇಂದು ಇಂಜೆಕ್ಷನ್ ಎನ್ನುವುದು ಗೊತ್ತಿರಲಿಲ್ಲ. ಒಪ್ಪುವುದಿಲ್ಲ ಎಂದು ತಾನು ಯಾವಾಗ ಅಂದೆ ಎಂದು ನನ್ನನ್ನೇ ಕೇಳಿದಳು. ಆಮೇಲೆ ಒಳಗೆ ಕೇಳುವಷ್ಟು ದನಿಯಲ್ಲಿ ಅಂದಳು:

"ಅಮಾಸಿ ಇರೂದು ಮಗ್ಗಕ್ಕವ್ವಾ. ಕುರಿ ಏನ ಅಮಾಸಿ ನೋಡಿ ಈಯತಾವೇನ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಭಾಗ್ಯಾ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು. ಸಿಕ್ಕಿಬಿದ್ದವಳ ಮುಖವಾಗಿರಲಿಲ್ಲ ಅದು, ದಣಿದವಳ ಮುಖ. ಸತ್ಯವ್ವ ಕಾಯಿ ಕೆಳಗಿಟ್ಟು, ಸೂಜಿಗೆ ಇಷ್ಟು ಹೆದರಿಕೆಯೇ ಎಂದು ಕೇಳಿದಳು.

"ಸೂಜಿಗಲ್ಲತ್ತಿ," ಎಂದಳು ಭಾಗ್ಯಾ. "ಇಷ್ಟ ದಿನಾ ದೇವರು ಕೊಡವಲ್ಲ ಅಂತ ಕುಂತಿದ್ದೆ. ದವಾಖಾನಿಗೆ ಹೋಗಿನೂ ಆಗಲಿಲ್ಲಂದ್ರ ಏನಂತ ಹೇಳಲಿ? ಇನ್ನೂ ಚಾಲೂನ ಮಾಡಿಲ್ಲ ಅಂದ್ರ, ಆಗಿಲ್ಲ ಅಂತ ಹೇಳಾಕ ಬರಂಗಿಲ್ಲಲ್ಲ."

ಇಷ್ಟು ಹೇಳಿ ಅತ್ತಳು. ನನಗೂ ಅಳು ಬಂತು. ಎರಡು ತಿಂಗಳು ನಾನು ಅವಳ ನೆಪಗಳ ಜೊತೆ ಜಗಳವಾಡಿದ್ದೆ. ಅವಳು ಆ ನೆಪಗಳ ಹಿಂದೆ ಉಳಿದಿದ್ದ ಒಂದಿಷ್ಟು ಆಸೆಯನ್ನು ಬಚ್ಚಿಟ್ಟುಕೊಂಡಿದ್ದಳು. ಸತ್ಯವ್ವ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕುರಿ ಈದಿದ್ದೂ ಕಂಡಿದ್ದೇನೆ, ದಿನ ತುಂಬದೆ ಕಂದು ಹಾಕಿದ್ದೂ ಕಂಡಿದ್ದೇನೆ, ಆಗದಿದ್ದರೆ ಆಗಲಿಲ್ಲ ಎಂದು ಓಣಿಗೆ ತಾನೇ ಹೇಳುತ್ತೇನೆ, ನೀನು ಬಾಯಿ ಬಿಡುವುದೇ ಬೇಡ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಆ ಸೂಜಿ ಎಲ್ಲಿದೆ, ತಾ ಎಂದಳು.

ಮೂವರೂ ನಮ್ಮ ಅಡಿಗೆಮನೆಯಲ್ಲಿ ಸೇರಿದೆವು. ಕುರಿಗಳಿಗೆ ಬೇನೆಯ ಸೂಜಿ ಹಾಕಿ ಗೊತ್ತು ಎಂದು ಸತ್ಯವ್ವ ಮುಂದಾದಳು. ಆದರೆ ಆ ಸಣ್ಣ ಸಿರಿಂಜಿನ ಮೇಲಿನ ಗೆರೆ ಆಕೆಯ ಕಣ್ಣಿಗೆ ಕಾಣಲಿಲ್ಲ. ನನ್ನ ಕೈಗೆ ಕೊಟ್ಟಳು. ದಿನಾ ಬಟ್ಟೆಗೆ ಸೂಜಿ ಹಾಕುವ ನಾನು ಗೆರೆಯವರೆಗೆ ಔಷಧ ಎಳೆದೆ, ಮೈಗೆ ಚುಚ್ಚಲಾರದೆ ಹೋದೆ. ಕೊನೆಗೆ ಭಾಗ್ಯಾಳೇ ತೆಗೆದುಕೊಂಡಳು. ಒಲೆಯ ಹತ್ತಿರ ಹೋದವಳು ಅಭ್ಯಾಸದಂತೆ ಬೂದಿಗೆ ಕೈ ಚಾಚಿ, ಹಿಂದಕ್ಕೆಳೆದುಕೊಂಡು, ಸಾಬೂನಿನಿಂದ ಕೈ ತೊಳೆದು ಬಂದಳು. ಸತ್ಯವ್ವ ಅವಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ ಹಿಡಿದು, ಹೋ, ಹೋ ಎಂದು ಮೆಲ್ಲಗೆ ಅನ್ನತೊಡಗಿದಳು. ಕುರಿಯನ್ನು ಹಾಗೇ ಸಮಾಧಾನ ಮಾಡುತ್ತಿದ್ದಳಂತೆ. ಭಾಗ್ಯಾಳಿಗೆ ಅಳುವಿನ ನಡುವೆಯೇ ನಗು ಬಂತು. ಆ ನಗುವಿನಲ್ಲೇ ಚುಚ್ಚಿಕೊಂಡಳು. ಮುಗಿದ ಮೇಲೆ ಸತ್ಯವ್ವ ಆ ಜಾಗವನ್ನು ಹೆಬ್ಬೆರಳಿನಿಂದ ಗಸಗಸ ತಿಕ್ಕಲು ಹೋದಳು. ತಿಕ್ಕಬಾರದು ಎಂದು ನರ್ಸು ಹೇಳಿದ್ದಾಳೆಂದು ನಾನು ಕೈ ಹಿಡಿದೆ. ಹಾಗಾದರೆ ಕುರಿಗಳಿಗೆ ಇಷ್ಟು ವರ್ಷ ಸುಮ್ಮನೆ ತಿಕ್ಕಿದೆ ಎಂದು ಮುದುಕಿ ಬೇಸರ ಮಾಡಿಕೊಂಡಳು.

ಆಮೇಲಿನ ಸಂಜೆಗಳಿಗೆ ನಾನು ಬೇಕಾಗಲಿಲ್ಲ, ನನ್ನ ಫ್ರಿಜ್ಜು ಸಾಕಾಗಿತ್ತು. ಅತ್ತೆ ಸೊಸೆ ಬರುವರು, ಇಂಜೆಕ್ಷನ್ ಒಯ್ಯುವರು. ಹೆದರಿಕೆ ಹೋಯಿತೇ ಎಂದು ಕೇಳಿದರೆ, ಇಲ್ಲ, ಅದೂ ದಿನಾ ಜೊತೆಗೇ ಬರುತ್ತದೆ ಎಂದಳು ಭಾಗ್ಯಾ. ಜಮಖಂಡಿಗೆ ಹಾಲೇಶನೇ ರಜೆ ಹಾಕಿ ಕರೆದುಕೊಂಡು ಹೋದ. ಡಾಕ್ಟರ್ ಬಾಯಿ ಮಾಡುವುದನ್ನೆಲ್ಲ ಮಾಡಿದರು. ಕಾಯುವ ದಿನಗಳಲ್ಲಿ ಭಾಗ್ಯಾ ಗಿರಿಮಲ್ಲಪ್ಪನ ಮಗ್ಗಕ್ಕೆ ಹೋಗಿ ಹಾಸು ಕೆಚ್ಚಿದಳು. ಎಳೆ ತಪ್ಪಲಿಲ್ಲ ಎಂದು ಕೇಳಿದೆ.

ಫಲ ಗೊತ್ತಾಗಬೇಕಾದ ದಿನ ಬೆಳಿಗ್ಗೆ ಅವಳು ಒಬ್ಬಳೇ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯ ಅನಸವ್ವ ಹೆಪ್ಪು ಕೇಳಲು ಬಂದವಳು ಅಲ್ಲೇ ಕೂತಿದ್ದಳು. ಬೇರು ಅರೆದು ಕುಡಿಸಿದವಳು ಅವಳೇ. ಭಾಗ್ಯಾಳ ಮುಖ ನೋಡಿ ನನಗೆ ಗೊತ್ತಾಯಿತು. ಏನಾದರೂ ಮಾತು ತೆಗೆದು ಅನಸವ್ವನನ್ನು ಕಳಿಸಬೇಕೆಂದುಕೊಂಡೆ. ಅಷ್ಟರಲ್ಲಿ ಭಾಗ್ಯಾ ಆಕೆಯ ಮುಂದೆಯೇ ಹೇಳಿದಳು.

"ಆಗಲಿಲ್ಲರಿ ಅಕ್ಕಾರ."

ಅನಸವ್ವ ಏನಾಗಲಿಲ್ಲ ಎಂದು ಕೇಳಿದಳು. ಭಾಗ್ಯಾ ಆಕೆಗೂ ಹೇಳಿದಳು, ದವಾಖಾನೆ, ಸೂಜಿ, ಎಲ್ಲವನ್ನೂ. ದನಿ ಒಂದೆರಡು ಕಡೆ ಒಡೆಯಿತು. ಅನಸವ್ವ ಹೆಪ್ಪಿನ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಓಣಿಗೆ ಅತ್ತೆ ಹೇಳುತ್ತೇನೆ ಎಂದಿದ್ದಳಲ್ಲ, ನೀನೇಕೆ ಹೇಳಿದೆ ಎಂದು ಕೇಳಿದೆ. ಭಾಗ್ಯಾ ಫ್ರಿಜ್ಜಿನ ಬಾಗಿಲು ತೆರೆದು, ಖಾರದ ಡಬ್ಬಿ ಸರಿಸಿದಳು. ಹಿಂದಿನ ಜಾಗ ಖಾಲಿಯಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು.

"ಇಲ್ಲೆ ಬ್ಯಾರೆ ಏನೂ ಇಡಬ್ಯಾಡ್ರಿ," ಎಂದಳು. "ಮುಂದಿನ ತಿಂಗಳಿಗೆ ಬೇಕ."