ಅಪ್ಪ ಆಸ್ಪತ್ರೆಗೆ ಒಯ್ಯುತ್ತಿದ್ದ ನೀರು

ನಾನೀಗ ಇರುವ ಊರು ಶ್ಯಾಂಟಿಲಿಯ ಕ್ಲಿನಿಕ್ಕಿನಲ್ಲಿ ಇವತ್ತು ಡಾಕ್ಟರು ನಲ್ಲಿ ಬಿಟ್ಟು ನಿಧಾನವಾಗಿ ಕೈ ತೊಳೆದರು. ಆ ಸೋಪಿನ ವಾಸನೆ ನನ್ನ ಅಪ್ಪನದು.

ನಾನು ಚಿಕ್ಕವಳಿದ್ದಾಗ, ಧಾರವಾಡದವರಾದ ಅಪ್ಪ ಕೆರಿಬಿಯನ್ ದ್ವೀಪವೊಂದರ ಬಂದರು ನಗರದಲ್ಲಿ ಸರ್ಕಾರಿ ಸರ್ಜನ್ ಆಗಿದ್ದರು. ಆಸ್ಪತ್ರೆಯ ನಲ್ಲಿಗಳು ಒಣಗಿರುತ್ತಿದ್ದವು. ನಮ್ಮ ಮನೆಗೆ ನಸುಕಿನಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತಿತ್ತು. ಅವ್ವ ಅದನ್ನು ಕುದಿಸಿ ಎರಡು ಕ್ಯಾನು ತುಂಬುತ್ತಿದ್ದಳು. ಆಪರೇಷನ್ನಿಗೆ ಮುಂಚೆ ಕೈ ತೊಳೆಯಲೆಂದು ಅಪ್ಪ ಒಂದನ್ನು ಕಾರಿನಲ್ಲಿ ಒಯ್ಯುತ್ತಿದ್ದರು.

ನನಗೆ ಜ್ವರ ಬಂದ ದಿನ ಒಂದೇ ಕ್ಯಾನು ತುಂಬಿತು.

"ಇದು ಮನ್ಯಾಗ ಇರ್ಲಿ ರೀ. ಹುಡುಗಿ ಮೈ ಸುಡಾಕತ್ತೈತಿ. ನೀರು ಬೇಕಂದ್ರ ನಿಮ್ಮ ಆರೋಗ್ಯ ಮಂತ್ರಿ ಮನಿಗೆ ಹೋಗ್ರಿ. ಅಲ್ಲಿ ಹುಲ್ಲಿಗೂ ಪೈಪ್ ಹಚ್ಚ್ಯಾರ," ಎಂದಳು ಅವ್ವ.

"ಬಸುರಿ ಹೆಂಗಸು ಕಾಯಾಕತ್ತಾಳ. ಹೊಲಸು ಕೈಲೆ ಹೊಟ್ಟಿ ಕೊಯ್ಯಲೇನು?" ಎಂದು ಅಪ್ಪ ಕ್ಯಾನು ಎತ್ತಿಕೊಂಡು ಹೋದರು.

ಅವ್ವ ಅಕ್ಕಿ ತೊಳೆದ ನೀರಿನಲ್ಲಿ ಬಟ್ಟೆ ಅದ್ದಿ ನನ್ನ ಹಣೆಯ ಮೇಲಿಟ್ಟಳು.

ಸಂಜೆ ಅಪ್ಪ ಬಂದಾಗ ಅವಳು ಕೇಳಿದ್ದು ಒಂದೇ ಮಾತು. "ಆಕಿ ಉಳದಳೇನು?"

"ಇಲ್ಲ. ನೀರು ಸಾಕಾತು. ನಡುವ ಕರೆಂಟ್ ಹೋತು."

ಅಪ್ಪ ಊಟಕ್ಕೆ ಕೂತರು. ಅವ್ವ ಬಡಿಸಿದಳು.

ಈಗ ಶ್ಯಾಂಟಿಲಿಯಲ್ಲಿ ನಮ್ಮ ಪಕ್ಕದ ಮನೆಯವರು ಮುಂದಿನ ವಾರ ಅದೇ ದ್ವೀಪಕ್ಕೆ ರಜೆಗೆ ಹೊರಟಿದ್ದಾರೆ. "ಬೀಚ್ ತುಂಬಾ ಚೆನ್ನಾಗಿದೆಯಂತೆ, ಹೌದಾ ಆಂಟಿ?" ಎಂದು ಅವರ ಮಗಳು ಕೇಳಿದಳು.

ಹೌದು ಎಂದೆ.