ಹೊಂಡದ ನೀರು ಹಸಿರಾಗುವ ತನಕ

ನಮ್ಮ ಹಿತ್ತಲಿನ ಹೊಂಡ ಯಾರೂ ಯೋಚಿಸಿ ಮಾಡಿದ್ದಲ್ಲ. ಗದಗ ಹೊಸ ಜಿಲ್ಲೆಯಾದ ಮೇಲೆ ನಮ್ಮವರಿಗೆ ಧಾರವಾಡದಿಂದ ಇಲ್ಲಿಯ ಕಚೇರಿಗೆ ವರ್ಗವಾಯಿತು, ನನಗೂ ಬೆಟಗೇರಿಯ ಒಂದು ಶಾಲೆ ಸಿಕ್ಕಿತು. ಕಳಸಾಪುರದ ಕಡೆ ಹೋಗುವ ರಸ್ತೆಯ ಹತ್ತಿರ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದೆವು. ಪಾಯಕ್ಕೆ ತುಂಬಲು ಗರಸುಮಣ್ಣು ಬೇಕಾದಾಗ ಗುತ್ತಿಗೆದಾರ ದೂರ ಹೋಗುವ ತೊಂದರೆ ಯಾಕೆಂದು ನಮ್ಮ ಹಿತ್ತಲಲ್ಲೇ ಅಗೆಸಿದ. ಮನೆ ಮುಗಿಯಿತು, ತೆಗ್ಗು ಉಳಿಯಿತು. ಅದನ್ನು ಮುಚ್ಚಿಸುವ ಮಾತು ಬಂದಾಗಲೆಲ್ಲ ಅವನಿಗೆ ಬೇರೆ ಊರಲ್ಲಿ ಕೆಲಸ ಇರುತ್ತಿತ್ತು.

ಮೊದಲ ಮಳೆಗೆ ತೆಗ್ಗು ತುಂಬಿ, ಸಂಜೆ ಅದರಲ್ಲಿ ಆಕಾಶ ಕಂಡಿತು. ಮುಚ್ಚಬೇಡಿ ಎಂದು ನಾನು ಹಟ ಹಿಡಿದೆ. ನನ್ನ ಹಟದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ವಾದಕ್ಕೆ ಬರುವುದಿಲ್ಲ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವಳ ದನಿ ಮನೆಗೆ ಬಂದರೂ ಇಳಿಯುವುದಿಲ್ಲ, ಏನು ಮಾಡುವುದು?

ಹೊಂಡ ಕಟ್ಟಲು ಶಿರಹಟ್ಟಿಯಿಂದ ಒಬ್ಬ ಮುಸಲ್ಮಾನ ಗೌಂಡಿ ಬಂದರು. ವಯಸ್ಸಾದವರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಸಿಮೆಂಟು ಬಳಿದು ಎರಡು ದಿನದಲ್ಲಿ ಮುಗಿಸಬಹುದಿತ್ತು. ಆದರೆ ಅವರು ಕಲ್ಲು ಕೂರಿಸಿ, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದು ಗಚ್ಚು ಮಾಡಿಯೇ ಹಚ್ಚುವೆ ಎಂದರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ಅಕ್ಕೋರ, ಗಚ್ಚು ಸುಣ್ಣ ಬಿಡತೈತಿ. ನಾಕ ದಿನಕ್ಕೊಮ್ಮೆ ಹಳೇ ನೀರು ಚೆಲ್ಲಿ ಹೊಸಾದು ತುಂಬ್ರಿ. ಆಮ್ಯಾಲ ಮೀನ ಬಿಡಾಕ ಬರತೈತಿ."

ನಮ್ಮವರಿಗೂ ತೋಟದ ಹುರುಪು ಹತ್ತಿತು. ಹುಬ್ಬಳ್ಳಿಗೆ ಹೋಗಿ ಹುಲ್ಲು ಕತ್ತರಿಸುವ ಕೈಯಂತ್ರ ತಂದರು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಯಂತ್ರ ಎರಡು ಮಾರು ಹೋಗಿ ನಿಂತಿತು. ಆಗ ಹೊಂಡದ ಕೆಲಸ ಇನ್ನೂ ನಡೆದಿತ್ತು; ಚಾಚಾ ಅದನ್ನು ಸುತ್ತು ಹಾಕಿ ನೋಡಿ, "ಸಾಹೇಬ್ರ, ಮೇವು ಹಾಕಿ ನೋಡ್ರಿ, ನಡದೀತು" ಎಂದಿದ್ದರು. ಆಮೇಲೆ ಅದರ ಹಿಡಿಕೆಯ ಮೇಲೆ ಹಾಗಲ ಬಳ್ಳಿ ಹಬ್ಬಿತು. ಹುಲ್ಲನ್ನು ನಾನು ಕುಡುಗೋಲಿನಲ್ಲೇ ಕೊಯ್ಯುತ್ತಿದ್ದೆ.

ಸುಣ್ಣ ಬಿಟ್ಟ ಮೇಲೆ ನಮ್ಮವರ ಕಚೇರಿಯ ಗೆಳೆಯರೊಬ್ಬರು ಮುಂಡರಗಿ ಕಡೆಯಿಂದ ಹೊಳೆಯ ಸಣ್ಣ ಮೀನುಗಳನ್ನು ಕ್ಯಾನಿನಲ್ಲಿ ತಂದುಕೊಟ್ಟರು. ಬೆರಳುದ್ದ, ಬೆಳ್ಳಿ ಬಣ್ಣ. ಒಡೆದ ಕುಂಡವೊಂದರಲ್ಲಿ ನೈದಿಲೆಯ ಗಡ್ಡೆ ಇಟ್ಟು ಮುಳುಗಿಸಿದೆ. ಸೊಳ್ಳೆ ಆಗುತ್ತವೆ ಎಂದು ಹೆದರಿಸಿದವರೆಲ್ಲ ಸುಮ್ಮನಾದರು. ಮೀನುಗಳು ಸೊಳ್ಳೆಮರಿಗಳನ್ನು ಹುಡುಕಿ ಹುಡುಕಿ ತಿನ್ನುತ್ತಿದ್ದವು.

ಆ ವರ್ಷವೇ ಅತ್ತೆ ಲಕ್ಷ್ಮೇಶ್ವರದಿಂದ ನಮ್ಮ ಮನೆಗೆ ಬಂದರು. ಅವರ ಮನೆತನ ತಲೆತಲಾಂತರದಿಂದ ಗುಡಿಯ ಸೇವೆಯಲ್ಲಿದ್ದದ್ದು. ನಸುಕಿನಲ್ಲಿ ಹೂ ಬಿಡಿಸುವುದು, ಮಾಲೆ ಕಟ್ಟುವುದು, ಪೂಜೆಯ ತಾಮ್ರದ ಪಾತ್ರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಇದೇ ಅವರ ಜೀವನ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಆಪರೇಶನ್ ಆಯಿತು, ಹೊಲಿಗೆ ಮಾಯಿತು. ಆದರೆ ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ನಮ್ಮವರನ್ನು ಹೊರಗೆ ಕರೆದು, ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಇಲ್ಲ, ಮಲಗಿದಲ್ಲೇ ಉಳಿಯುತ್ತಾರೆ ಎಂದು ಬಿಚ್ಚಿ ಹೇಳಿದರು.

ನಾನು ಬೈದೆ, ರಮಿಸಿದೆ, ಊಟ ಬಿಡುವೆ ಎಂದೂ ಹೆದರಿಸಿದೆ. ಯಾವುದಕ್ಕೂ ಅವರು ಬಗ್ಗಲಿಲ್ಲ. ಒಂದು ಬೆಳಿಗ್ಗೆ ಬಿಸಿಲಿಗೆಂದು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ನಾನು ಹೊಂಡಕ್ಕೆ ಚುರಮುರಿ ಎಸೆಯುತ್ತಿದ್ದೆ. ಮೀನು ಪಟಪಟ ಹಾರುವ ಸದ್ದು ಕೇಳಿ ಅತ್ತೆ, "ಏನವಾ ಅದು? ನನಗೂ ತೋರಸು" ಎಂದರು. ಬಾಗಿಲಿಂದ ಹೊಂಡಕ್ಕೆ ಹತ್ತೊಂಬತ್ತು ಹೆಜ್ಜೆ. ಅವತ್ತು ನನ್ನ ಹೆಗಲ ಮೇಲೆ ಭಾರವೆಲ್ಲ ಹಾಕಿ ಬಂದರು. ತಿಂಗಳೊಳಗೆ ಕೋಲು ಹಿಡಿದು, ಚುರಮುರಿ ಡಬ್ಬಿಯನ್ನು ಸೊಂಟಕ್ಕೆ ಅವಚಿಕೊಂಡು, ನನಗಿಂತ ಮುಂಚೆಯೇ ಹೊಂಡದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಡಾಕ್ಟರ ಔಷಧಕ್ಕೆ ಆಗದ್ದನ್ನು ಆ ಬೆರಳುದ್ದದ ಮೀನುಗಳು ಮಾಡಿದ್ದವು.

ಇನ್ನು ನಮ್ಮ ಊರಿನ ನೀರಿನ ಬಗ್ಗೆ ಹೇಳಬೇಕು. ಆಗ ನಮ್ಮ ಓಣಿಗೆ ನಳ ಬರುತ್ತಿದ್ದದ್ದು ಎಂಟು ಹತ್ತು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನವೂ ಆಗುತ್ತಿತ್ತು. ಬಂದ ದಿನ ಹಬ್ಬ. "ನಳಾ ಬಂತು" ಎಂಬ ಕೂಗು ಓಣಿಯ ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು. ಅಷ್ಟು ದಿನ ಒಂದೊಂದು ತಂಬಿಗೆ ಲೆಕ್ಕದಲ್ಲಿ ಬಳಸಿದ ನೀರನ್ನು ಅವತ್ತು ಎಲ್ಲರೂ ದಡಬಡ ಚೆಲ್ಲಿಬಿಡುತ್ತಿದ್ದೆವು. ಹಳೇ ನೀರಿನ ಮೇಲೆ ಹೊಸ ನೀರು ಹಾಕುವಂತಿಲ್ಲ. ಕೊಡ, ಹಂಡೆ, ಡ್ರಮ್ಮು, ತೊಟ್ಟಿ, ಎಲ್ಲ ಬರಿದು ಮಾಡಿ, ತಿಕ್ಕಿ, ಬಿಸಿಲು ತೋರಿಸಿ ತುಂಬಬೇಕು. ಯಾರ ಮನೆಯ ಹಂಡೆ ತಿಕ್ಕದೆ ತುಂಬಿತೋ ಅವರ ಸುದ್ದಿ ಸಂಜೆಯೊಳಗೆ ಓಣಿಯೆಲ್ಲ ತಿರುಗುತ್ತಿತ್ತು.

ಅಂಥ ಒಂದು ದಿನ. ಹದಿನಾಲ್ಕು ದಿನವಾದ ಮೇಲೆ ನಳ ಬಂದಿತ್ತು, ಒತ್ತಡವೂ ಜೋರಿತ್ತು. ಎಲ್ಲ ತುಂಬಿದರೂ ನೀರು ಇನ್ನೂ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಅತ್ತೆ ಹೊಂಡ ನೋಡಿ ಮುಖ ಹಿಂಡಿದರು. "ನೋಡವಾ, ಪಾಚಿ ಕಟ್ಟೇತಿ. ಪಾಪ, ಆ ಹೊಲಸಿನ್ಯಾಗ ಹೆಂಗ ಇರತಾವು ಅವು? ಹೊಸಾ ನೀರು ಹಾಕು."

ನನಗೂ ಅದೇ ಮನಸ್ಸಿತ್ತು. ಮೀನುಗಳನ್ನು ಜರಡಿಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದೆ, ನೈದಿಲೆಯ ಕುಂಡವನ್ನು ನೆರಳಿಗೆ ಇಟ್ಟೆ. ಹಸಿರು ನೀರನ್ನೆಲ್ಲ ಬಳಿದು ಮಲ್ಲಿಗೆ, ಕರಿಬೇವಿನ ಬುಡಕ್ಕೆ ಸುರಿದೆ. ತೊಟ್ಟಿ ತೊಳೆಯಲೆಂದು ಮನೆಯಲ್ಲಿ ಬ್ಲೀಚಿಂಗ್ ಪುಡಿ ಇತ್ತು. ಅದನ್ನೂ ಹಾಕಿ ತೆಂಗಿನ ನಾರಿನಿಂದ ಕಲ್ಲು ಕಲ್ಲು ತಿಕ್ಕಿ, ಮೇಲೊಂದಿಷ್ಟು ನೀರು ಹೊಡೆದು, ನಳದ ಪೈಪು ಬಿಟ್ಟೆ. ಹೊಂಡದ ತಳದ ಕಲ್ಲುಗಳ ಸಂದುಗಳೂ ಕಾಣುವಷ್ಟು ತಿಳಿನೀರು. ಮೀನು ಬಿಟ್ಟೆ. ಅತ್ತೆ ಕೈ ಮುಗಿದರು.

ಹೊತ್ತು ಮುಳುಗುವ ಮೊದಲೇ ಅವೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ಒಂದೂ ಉಳಿದಿರಲಿಲ್ಲ.

ನನಗೆ ದುಃಖ ಬಂದರೆ ಅದು ಮೊದಲು ಸಿಟ್ಟಾಗಿಯೇ ಹೊರಬೀಳುತ್ತದೆ. "ಎಲ್ಲಾ ನಿಮ್ಮ ಮಡಿಯಿಂದ ಆತು. ನೀವು ಸುಮ್ನ ಕುಂತಿದ್ರ ಅವು ಬದುಕತಿದ್ವು" ಎಂದುಬಿಟ್ಟೆ. ಪುಡಿ ಹಾಕಿದವಳು ನಾನು, ತಿಕ್ಕಿದವಳು ನಾನು, ಆದರೂ ಅಂದೆ. ಅತ್ತೆ ಕೋಲು ಊರಿ ಒಳಗೆ ಹೋದರು, ಮಲಗಿದರು. ಮರುದಿನ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಕೇಳಿದರೆ, "ಕಾಲು ನೋಯತೈತಿ" ಎನ್ನುವರು. ಚುರಮುರಿ ಡಬ್ಬಿಯನ್ನು ಮಂಚದ ಕೆಳಗೆ ಸರಿಸಿಬಿಟ್ಟಿದ್ದರು. ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆಡಬಾರದ್ದನ್ನು ಆಡಲು ಮಾತ್ರ ಬಾಯಿ ತಡವರಿಸಿರಲಿಲ್ಲ.

ಹತ್ತು ದಿನ ಹೀಗೆ ಕಳೆದವು. ಹೊಂಡದ ಕಡೆ ಯಾರೂ ಹೋಗದಂತಾಯಿತು. ನಮ್ಮವರು, "ಮುಚ್ಚಿಸಿಬಿಡೋಣ, ಕಣ್ಣಿಗೆ ಬೀಳೋದರೆ ತಪ್ಪತೈತಿ" ಎಂದು ಶಿರಹಟ್ಟಿಗೆ ಹೇಳಿಕಳಿಸಿದರು. ಆ ಸಲ ನಾನು ಹಟ ಮಾಡಲಿಲ್ಲ.

ಚಾಚಾ ಸಲಿಕೆ, ಬುಟ್ಟಿ ಹಿಡಿದು ಬೆಳಗಿನ ಬಸ್ಸಿಗೆ ಬಂದರು. ನಾನು ನಡೆದದ್ದನ್ನು ಹೇಳಿದೆ, ನನ್ನ ಬಾಯಿಂದ ಬಿದ್ದ ಮಾತನ್ನೂ ಮುಚ್ಚಿಡಲಿಲ್ಲ. ಅವರು ಹೊಂಡದ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿದರು. ಸಲಿಕೆಯನ್ನು ಗೋಡೆಗೆ ಒರಗಿಸಿ, ಕಾಲು ತೊಳೆದುಕೊಂಡು ಅತ್ತೆಯ ಕೋಣೆಯ ಹೊಸ್ತಿಲ ಹತ್ತಿರ ಕೂತರು.

"ಅವ್ವಾರ, ತಪ್ಪು ನಂದೈತಿ" ಎಂದರು. "ಹಳೇ ನೀರು ಚೆಲ್ಲಿ ಹೊಸಾದು ತುಂಬ್ರಿ ಅಂತ ಹೇಳಿದಾಂವ ನಾನು. ಯಾವಾಗ ನಿಲ್ಲಸಬೇಕು ಅಂತ ಹೇಳಲಿಲ್ಲ. ಮೀನ ಬಿಟ್ಟಮ್ಯಾಲ ನೀರು ಹಳೇದ ಆಗಬೇಕ್ರಿ. ಆ ಹಸರನ ಅವುಕ್ಕ ಮನಿ. ಕಟ್ಟಿದಾಂವ ಹೇಳದಿದ್ರ ನಿಮಗ ಹೆಂಗ ತಿಳೀಬೇಕು?"

ಅತ್ತೆ ಗೋಡೆಯ ಕಡೆ ಮುಖ ಮಾಡಿಯೇ ಇದ್ದರು. ಹಾಗೆಯೇ, "ಜೀವ ಹೋದುವಲ್ಲಪಾ" ಎಂದರು.

"ಎಲ್ಲಾ ಹೋಗಿಲ್ರಿ. ದೀಪಾವಳಿ ಮುಂದ ಈ ಕಡೆ ಬಂದಾಗ ನಾಕು ಮೀನ ಡಬ್ಬಿಯೊಳಗ ಒಯ್ದಿದ್ದೆ. ನಮ್ಮ ಮನಿ ನೀರಿನ ಬಾನಿಯೊಳಗ ಮರಿ ಹಾಕ್ಯಾವು. ತಂದ ಕೊಡತೇನಿ. ಆದ್ರ ಮೊದಲ ನೀರು ಹಸರ ಆಗಬೇಕು. ಅದನ್ನ ದಿನಾ ನೋಡಿ ಹೇಳಾವ್ರು ಯಾರು? ಸಾಹೇಬ್ರಿಗೆ ಕಚೇರಿ, ಅಕ್ಕೋರಿಗೆ ಅವಸರ. ನೀವ ನೋಡಬೇಕು."

ದೀಪಾವಳಿಗೆ ಅವರು ಬಂದದ್ದು ನನಗೆ ನೆನಪಿರಲಿಲ್ಲ. ನಾನು ಶಾಲೆಗೆ ಹೋದಾಗ ಬಂದಿರಬಹುದು ಎಂದುಕೊಂಡೆ.

ಹೊಂಡ ಮುಚ್ಚಲು ಬಂದವರು ಮಧ್ಯಾಹ್ನದವರೆಗೆ ಅದನ್ನು ಬರಿದು ಮಾಡಿ, ಮೂರು ಸಲ ಬರೀ ನೀರಿನಲ್ಲಿ ತೊಳೆದು, ಪಕ್ಕದ ಮನೆಯ ಬಾವಿಯಿಂದ ಸೇದಿ ತುಂಬಿದರು. ಅದೇ ಮನೆಯ ದನಗಳು ನೀರು ಕುಡಿಯುವ ಬಾನಿಯಿಂದ ಎರಡು ಕೊಡ ಹಸಿರು ನೀರನ್ನು ತಂದು ಸುರಿದರು. ಹಾಲಿಗೆ ಹೆಪ್ಪು ಹಾಕಿದಂಗ ಎಂದರು. ನೈದಿಲೆಯ ಕುಂಡ ಮತ್ತೆ ನೀರಿಗೆ ಇಳಿಯಿತು. ಕೂಲಿ ಕೊಡಲು ಹೋದರೆ, ತಪ್ಪು ಮಾಡಿದಾಂವಗ ಎಂಥಾ ಕೂಲಿ ಎಂದು ಬಸ್ಸಿಗೆ ನಡೆದರು.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕೋಲಿನ ಸದ್ದು ಕೇಳಿಸಿತು. ನಾನು ಅಡುಗೆಮನೆಯಲ್ಲಿ ನಿಂತು ಹೆಜ್ಜೆ ಎಣಿಸಿದೆ. ಏಳಕ್ಕೆ ನಿಂತಿತು, ಮತ್ತೆ ಶುರುವಾಯಿತು. ಹತ್ತೊಂಬತ್ತಾದಾಗ ನನ್ನ ಕಣ್ಣು ತುಂಬಿತ್ತು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಜೀವನವಿಡೀ ತಾಮ್ರ ತಿಕ್ಕಿದವರು, ನೀರಲ್ಲಿ ಒಂದು ಕಸ ಕಂಡರೆ ಕೊಡವನ್ನೇ ಚೆಲ್ಲುವವರು, ಈಗ ದಿನಾ ಬೆಳಿಗ್ಗೆ ಬಂದು, "ಇನ್ನೂ ಸ್ವಚ್ಛ ಐತಿ. ಏನ್ ಮಾಡೂದವಾ?" ಎಂದು ಪೇಚಾಡುತ್ತಿದ್ದರು. ಕಪ್ಪತಗುಡ್ಡದ ಕಡೆಯ ಗಾಳಿ ಬೇವಿನೆಲೆ, ಧೂಳು ತಂದು ಸುರಿದಾಗ ನಮ್ಮವರು ಕೋಲಿಗೆ ಬಲೆ ಕಟ್ಟಿ ತೆಗೆಯಲು ಹೋದರು. "ಮುಟ್ಟಬ್ಯಾಡೋ ಅದನ್ನ!" ಎಂದು ಅತ್ತೆ ಗದರಿದ ದನಿಗೆ ಗೋಡೆಯ ಮೇಲಿನ ಬೆಕ್ಕು ಓಡಿಹೋಯಿತು. ನಳ ಬಂದ ದಿನವಂತೂ ಕೋಲನ್ನು ಅಡ್ಡ ಇಟ್ಟುಕೊಂಡು ಕಟ್ಟೆಯ ಮೇಲೆ ಕಾವಲು ಕೂತಿದ್ದರು. ಕಾವಲು ಯಾರಿಂದ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿಂದ ಕೂಗಿದರು: "ಲಗೂನ ಬಾ, ತಳಾ ಕಾಣವಲ್ದು!" ನಾವಿಬ್ಬರೂ ಹಸಿರು ನೀರನ್ನು ಕೂಸಿನ ಮುಖ ನೋಡಿದ ಹಾಗೆ ನೋಡಿದೆವು.

ಚಾಚಾ ಬಂದರು. ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದ ಕೊಡ, ಅದರ ಬಾಯಿಗೆ ಒದ್ದೆ ಬಟ್ಟೆ. ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು. ಕೊಡವನ್ನು ನೀರಿಗೆ ಬಾಗಿಸಿ, "ನಿಮ್ಮವ ಅವ್ವಾರ, ನಿಮ್ಮ ಮೀನಿನ ಮಕ್ಕಳು" ಎಂದರು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಹೌದಪಾ, ನಮ್ಮವ" ಎಂದು ಒಂದು ಹಿಡಿ ಚುರಮುರಿ ಎಸೆದರು. ಆಮೇಲೆ ಕೋಲು ಊರಿ ತಾವೇ ಅಡುಗೆಮನೆಗೆ ನಡೆದು, "ಗೌಂಡಿಗೆ ಚಹಾ ಇಡು, ಸಕ್ಕರಿ ಜಾಸ್ತಿ ಇರಲಿ" ಎಂದರು. ಚಾಚಾ ಚಹಾ ಕುಡಿದು ಸಂತೋಷದಿಂದ ಹೋದರು.

ಅವರು ಗೇಟು ದಾಟುವವರೆಗೂ ನೋಡುತ್ತ ನಿಂತಿದ್ದ ಅತ್ತೆ ನನ್ನ ಹೆಗಲು ಹಿಡಿದು ಹೇಳಿದರು: "ಇವು ನಮ್ಮವಲ್ಲ."

"ಅಂದ್ರ?" ಎಂದೆ.

"ನಮ್ಮವುಕ್ಕ ಬಾಲದ ಬುಡಕ ಕರೀ ಚುಕ್ಕಿ ಇತ್ತು. ದಿನಾ ನೋಡತಿದ್ದೆ, ನನಗ ತಿಳಿಯೂದಿಲ್ಲೇನು? ಎಲ್ಲಿಂದ ಹುಡುಕಿ ತಂದಾನೋ ಏನೋ. ಅವಗ ಹೇಳಬ್ಯಾಡ. ಎಷ್ಟು ಜ್ವಾಕಿಯಿಂದ ಹೊತ್ತು ತಂದಾನ, ಪಾಪ."

ಮಾಡದ ತಪ್ಪನ್ನು ತನ್ನದೆಂದ ಆ ಮನುಷ್ಯನ ಮನಸ್ಸು ನೋಯಬಾರದೆಂದು ಇವರು ಮೀನನ್ನು ತಮ್ಮದೆಂದಿದ್ದರು. ಇಂಥ ಇಬ್ಬರ ನಡುವೆ ನಿಂತು ನಾನು ಏನಂದಿದ್ದೆ ಎಂಬುದು ನೆನಪಾಗಿ ತಲೆ ತಗ್ಗಿತು. ಅಷ್ಟು ದಿನ ಬಾರದ ಬಾಯಿ ಆಗ ಬಂತು. "ಅತ್ತಿ, ಅವತ್ತು ನಾ ಹಂಗ ಅನಬಾರದಿತ್ತು. ತಪ್ಪು ನಂದು" ಎಂದೆ.

ಅವರು ನನ್ನ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಹೊಂಡದ ಕಡೆ ಒಮ್ಮೆ ತಿರುಗಿ ನೋಡಿದರು.

"ನಾಳೆ ಜಲ್ದಿ ಎಬ್ಬಸು. ಇವುಕ್ಕೂ ಹೊಟ್ಟಿ ಹಸೀತೈತಿ."