ಶಂಕರಿಯಮ್ಮನ ಮಡಿ

ಶಂಕರಿಯಮ್ಮನ ಮಡಿಗೆ ಎರ್ನಾಕುಳದ ಕನ್ನಡಿಗರಲ್ಲಿ ದೊಡ್ಡ ಹೆಸರಿತ್ತು. ಹೆಸರು ಬಂದದ್ದು ಮಗ ಪರಮೇಶ್ವರನಿಗೆ, ಕಷ್ಟ ಮಾತ್ರ ಮುದುಕಿಯದು. ಕುಂಬಳೆ ಕಡೆಯ ಹೆಣ್ಣು. ಬುದ್ಧಿ ಬಲಿಯುವ ಮೊದಲೇ ಮದುವೆ. ಎರಡು ಮಕ್ಕಳಾಗುವಷ್ಟರಲ್ಲಿ ಗಂಡ ಹೋದ. ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು, ಭಾವನ ಅಡುಗೆಮನೆಗೆ ತಳ್ಳಿದರು. ಅಂದಿನಿಂದ ಮಿಂದು ತಾನೇ ಬೇಯಿಸಿಕೊಂಡ ಅನ್ನವಲ್ಲದೆ ಇನ್ನೊಬ್ಬರ ಕೈಯದನ್ನು ಆಕೆ ಮುಟ್ಟಿದವಳಲ್ಲ. ಹಠವೇ ಅನ್ನಿ. ಎಲ್ಲವನ್ನೂ ಕಿತ್ತುಕೊಂಡ ಮೇಲೆ ಹೆಂಗಸಿಗೂ ತನ್ನದು ಅಂತ ಏನಾದರೊಂದು ಬೇಡವೇ?

ಮಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಎರ್ನಾಕುಳಕ್ಕೆ ಹೊರಟಾಗ ಜೊತೆಗೆ ಬಂದಳು. ಸೊಸೆ ರಾಜೀವಿಯ ಮೂರು ಬಾಣಂತನ ಮಾಡಿದಳು. ಎಣ್ಣೆ ತಿಕ್ಕಿ ನೀರು ಹಾಕಿದಳು, ಕೂಸುಗಳ ಹೇಲುಬಟ್ಟೆ ಒಗೆದಳು. ಆಗ ಈ ಮಡಿ ಎಲ್ಲಿ ಹೋಗಿತ್ತು ಅಂತ ಯಾರಾದರೂ ಕೇಳಿದರೇ? ಎಂಥದೂ ಇಲ್ಲ. ಇನ್ನೊಮ್ಮೆ ಮಿಂದು ಒಲೆ ಹಚ್ಚಿದರಾಯಿತು. ಮೊಮ್ಮಕ್ಕಳು ಮಲಯಾಳದಲ್ಲಿ ರಂಪ ಮಾಡಿದರೆ ಆಕೆ ಕನ್ನಡದಲ್ಲಿ ರಮಿಸಿ, ಕತೆ ಹೇಳಿ ಉಣ್ಣಿಸುತ್ತಿದ್ದಳು. ಮನೆಯಲ್ಲಿ ಎಲ್ಲರದೂ ಊಟವಾದ ಮೇಲೆ ಅವಳದು.

ಮಗಳು ಚಂದ್ರಾವತಿಯ ಹೆರಿಗೆಗೆ ಮಾತ್ರ ಹೋಗಲಾಗಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಳಿಯ ರಾಧಾಕೃಷ್ಣನಿಗೆ ತಿರುವನಂತಪುರದ ಸೆಕ್ರೆಟರಿಯೇಟಿಗೆ ವರ್ಗವಾಗಿತ್ತು, ಉಳ್ಳೂರಿನಲ್ಲಿ ಮನೆ. ಅತ್ತ ಮಗಳಿಗೆ ನೋವು ಬಂದಾಗ ಇತ್ತ ರಾಜೀವಿ ಮೂರನೆಯದನ್ನು ಹೆತ್ತು ಮಲಗಿದ್ದಳು. ಆಮೇಲೆ ಚಂದ್ರಾವತಿ "ನನ್ನಲ್ಲಿ ಬಂದು ಇರು ಅಮ್ಮ" ಎಂದು ಎಷ್ಟು ಕರೆದರೂ, "ಮಗಳ ಮನೆಯಲ್ಲಿ ಕೂತು ಉಣ್ಲಿಕ್ಕೆ ನಂಗೆ ಮಗ ಇಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಗ ಇದ್ದ, ಹೌದು.

ಐವತ್ತೆಂಟರ ಮಳೆಗಾಲದಲ್ಲಿ ಶಂಕರಿಯಮ್ಮನಿಗೆ ಜ್ವರ ಬಂತು. ತಂತಿ ತಲುಪಿದ್ದೇ ಚಂದ್ರಾವತಿ ಆ ವರ್ಷ ಹೊಸತಾಗಿ ಓಡತೊಡಗಿದ್ದ ರೈಲು ಹತ್ತಿದಳು. ಮನೆಗೆ ಕಾಲಿಟ್ಟಾಗ ಅಮ್ಮ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಕೆನ್ನೆ ಒಳಗೆ ಹೋಗಿತ್ತು.

"ಎಂತ ಕೊಡ್ತಾ ಇದ್ದೀರಿ ಅಮ್ಮನಿಗೆ?"

"ಹಾಲು, ಬಾಳೆಹಣ್ಣು," ಎಂದಳು ರಾಜೀವಿ. "ಅದೂ ಹೊಟ್ಟೆಯಲ್ಲಿ ನಿಲ್ಲುದಿಲ್ಲ. ಡಾಕ್ಟರು ಗಂಜಿ ಕೊಡಿ, ಇಲ್ಲದಿದ್ರೆ ಕಷ್ಟ ಉಂಟು ಅಂದ್ರು. ನಾವು ಬೇಯಿಸಿದ್ದು ಅವರಿಗೆ ಆಗ್ತದಾ? ಎದ್ದು ಮೀಯ್ಲಿಕ್ಕೆ ಅವರಿಗೆ ಆಗುದಿಲ್ಲ. ಇವರು ಹೇಳಿದ್ದಾರೆ, ಅಮ್ಮನ ವ್ರತ ಕೆಡಿಸ್ಬೇಡ ಅಂತ."

ಬಾಗಿಲ ಮರೆಯಲ್ಲಿ ನಿಂತಿದ್ದ ದೊಡ್ಡ ಮೊಮ್ಮಗಳು ಸುಮಿತ್ರ ಮೆಲ್ಲಗೆ, "ಅಮ್ಮೂಮ್ಮ ಕಂಞಿ ಚೋದಿಚ್ಚು," ಎಂದಳು. ಅಜ್ಜಿ ಬಾಯಿಬಿಟ್ಟು ಗಂಜಿ ಕೇಳಿದ್ದಳು!

"ಜ್ವರದ ಬಡಬಡಿಕೆ ಅದು," ಎಂದು ರಾಜೀವಿ ಮಗಳನ್ನು ಗದರಿದಳು.

ಚಂದ್ರಾವತಿಗೆ ಮೈಯೆಲ್ಲ ಉರಿದುಹೋಯಿತು. ಮೀಯಲಿಲ್ಲ, ಸೀರೆ ಬದಲಿಸಲಿಲ್ಲ. ರೈಲಿನ ಮಸಿ ಮೆತ್ತಿದ ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ನುಗ್ಗಿದಳು. ಮಕ್ಕಳಿಗೆಂದು ಮಾಡಿದ್ದ ಅನ್ನವನ್ನೇ ಕಿವುಚಿ, ತಿಳಿ ಬೆರೆಸಿ, ಉಪ್ಪು ಹಾಕಿ ತಂದಳು. ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ತುಟಿಗೆ ಮುಟ್ಟಿಸಿದಳು.

ಅಮ್ಮ ಕಣ್ಣು ಬಿಟ್ಟಳು. ಮಗಳನ್ನು ನೋಡಿದಳು, ಆ ಸೀರೆಯನ್ನೂ ನೋಡಿದಳು. ಆಮೇಲೆ ಬಾಯಿ ತೆರೆದಳು. ಎಳೆಗೂಸಿನ ಹಾಗೆ ಅವಸರವಸರವಾಗಿ ನುಂಗಿದಳು. ಬಟ್ಟಲು ಅರ್ಧವಾಗುವಾಗ ಮಗಳ ಮಣಿಕಟ್ಟು ಹಿಡಿದು, "ಇನ್ನೂ ಉಂಟಾ ಮಗಾ?" ಎಂದಳು.

"ಬೇಕಾದಷ್ಟು ಉಂಟಮ್ಮ, ಉಣ್ಣು."

ಅಷ್ಟರಲ್ಲಿ ಪರಮೇಶ್ವರ ಬ್ಯಾಂಕಿನಿಂದ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಅಲ್ಲೇ ನಿಂತುಬಿಟ್ಟ. "ಅಯ್ಯೋ, ಎಂತ ಮಾಡಿದೆ ಮಾರಾಯ್ತಿ! ಒಂದು ಜನ್ಮ ಕಾಪಾಡಿಕೊಂಡು ಬಂದದ್ದನ್ನು ಕೊನೆಗಾಲಕ್ಕೆ ಮಣ್ಣುಪಾಲು ಮಾಡಿದೆಯಲ್ಲ! ಅಮ್ಮಾ, ನಿನಗಾದ್ರೂ ಗೊತ್ತಾಗ್ಲಿಲ್ವಾ?"

ಶಂಕರಿಯಮ್ಮನ ಮುಖ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಾಯಿತು. ತುಟಿ ಬಿಗಿದುಕೊಂಡಳು. ಮಗಳು ಚಮಚ ಹತ್ತಿರ ತಂದರೆ ಕೈಯಿಂದ ಬಟ್ಟಲನ್ನೇ ಆಚೆಗೆ ತಳ್ಳಿದಳು. ಗಂಜಿ ಚೆಲ್ಲಿ ಚಾಪೆ ಒದ್ದೆಯಾಯಿತು. ಆಮೇಲೆ ಚಂದ್ರಾವತಿ ಕಾಲು ಹಿಡಿದು ಬೇಡಿಕೊಂಡರೂ ಗೋಡೆಯತ್ತ ಹೊರಳಿದವಳು ಇತ್ತ ತಿರುಗಲಿಲ್ಲ. ಎರಡು ದಿನ ಹಾಗೆಯೇ ಇದ್ದು ತೀರಿಕೊಂಡಳು.

ಹದಿಮೂರನೆಯ ದಿನದ ಊಟಕ್ಕೆ ಬ್ಯಾಂಕಿನವರು, ರಾಧಾಕೃಷ್ಣನ ಆಫೀಸಿನವರು, ಊರ ಕಡೆಯವರು ಎಲ್ಲ ಬಂದಿದ್ದರು. ಹೋಳಿಗೆ, ಎರಡು ಬಗೆಯ ಪಾಯಸ, ಒಂದಕ್ಕೂ ಕಡಿಮೆಯಿಲ್ಲ. ಪರಮೇಶ್ವರ ಎಲೆಗಳ ನಡುವೆ ಓಡಾಡುತ್ತ ಎಲ್ಲರನ್ನೂ ಉಪಚರಿಸಿದ. ಹಿರಿಯರೊಬ್ಬರು ಅಂಥ ತಾಯಿಯನ್ನು ಪಡೆಯಲು ಪುಣ್ಯ ಬೇಕು ಎಂದಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಕೊನೆಯ ಹೊತ್ತಿಗೂ ನೋಡಿ," ಎಂದ, "ತಂಗಿ ಗಂಜಿ ತಂದರೆ ಬಟ್ಟಲನ್ನೇ ತಳ್ಳಿಬಿಟ್ಟಳು ನಮ್ಮಮ್ಮ."

"ಎಂಥ ನಿಷ್ಠೆ!" ಎಂದರು ನಾಲ್ಕು ಜನ.

ಬಡಿಸುತ್ತಿದ್ದ ಚಂದ್ರಾವತಿ ಪಾಯಸದ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟಳು.

"ಅರ್ಧ ಬಟ್ಟಲು ಉಂಡಿದ್ದಳು ಅಣ್ಣ. ಉಂಡು, ಇನ್ನೂ ಉಂಟಾ ಅಂತ ಕೇಳಿದ್ದಳು. ತಳ್ಳಿದ್ದು ಹಸಿವಿಲ್ಲ ಅಂತ ಅಲ್ಲ, ನೀನು ಬಾಗಿಲಲ್ಲಿ ನಿಂತಿದ್ದೆ ಅಂತ."